ಹಗೆಯೊಳಗಿನ ಜೋಳ, ಮನದೊಳಗಿನ ಹಗೆ



2022ರ ಫೆಬ್ರುವರಿಯಲ್ಲಿ ರಷ್ಯಾದ ಸೈನ್ಯ ಉಕ್ರೇನಿನೊಳಗೆ ನುಗ್ಗಿತು. ಕೆಲವೇ ವಾರಗಳಲ್ಲಿ ನಮ್ಮ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ನಾವು ಹೊರಗಿನಿಂದ ತರಿಸುತ್ತಿದ್ದ ಆ ಎಣ್ಣೆಯ ದೊಡ್ಡ ಪಾಲು ಉಕ್ರೇನಿನದೇ ಆಗಿತ್ತು. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಪ್ರಾಣ ಕಳೆದುಕೊಂಡ. ಅಂದರೆ, ಯುದ್ಧ ಮಾಡದವರ ಮನೆಗೂ ಯುದ್ಧ ಬರುತ್ತದೆ. ಅದು ಹೇಗೆ ಬರುತ್ತದೆ? ಬಂದಾಗ ನಮ್ಮನ್ನು ಏನು ಮಾಡುತ್ತದೆ? ಈ ವಾರ ನಮ್ಮ ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣದ ನೆಲದ ಇತಿಹಾಸದಿಂದಲೇ ಇದನ್ನು ಕಲಿಯೋಣ.

ಕೇಳದೆ ಬಂದ ಯುದ್ಧ

1939ರ ಸೆಪ್ಟೆಂಬರ್ 3ರಂದು ಬ್ರಿಟಿಷ್ ವೈಸರಾಯ್, ಭಾರತದ ನಾಯಕರನ್ನು ಒಂದು ಮಾತೂ ಕೇಳದೆ, ಭಾರತವೂ ಯುದ್ಧದಲ್ಲಿದೆ ಎಂದು ಸಾರಿದರು. ಆಗ ನಮ್ಮ ಬೀದರ್ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರು ಬ್ರಿಟಿಷರಿಗೆ ಧಾರಾಳವಾಗಿ ಹಣ ಕೊಟ್ಟರು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನ್ ವಿಮಾನಗಳ ಮೇಲೆ ಬಿದ್ದ ದಳಗಳಲ್ಲಿ 152ನೇ ದಳದ ಹೆಸರೇ 'ಹೈದರಾಬಾದ್'. ಸಂಸ್ಥಾನದ ಬೊಕ್ಕಸವೆಂದರೆ ಕೊನೆಗೆ ರೈತನ ಕಂದಾಯವೇ ಅಲ್ಲವೇ? ಜೋಳದ ಹೊಲಕ್ಕೂ ಇಂಗ್ಲೆಂಡಿನ ಆಕಾಶಕ್ಕೂ ಹೀಗೆ ನಂಟು ಬೆಳೆಯಿತು.

ನಮ್ಮ ಊರುಗಳ ಮೇಲೆ ಬಾಂಬು ಬೀಳಲಿಲ್ಲ. ಬಂದದ್ದು ಅಭಾವ. ಇದರ ಕಾರಣಗಳನ್ನು ತಿಳಿಯಬೇಕು. 1945ರ ಹೊತ್ತಿಗೆ ಭಾರತದ ಸೈನ್ಯ 25 ಲಕ್ಷಕ್ಕೆ ಏರಿತ್ತು. ಆ ಸೈನ್ಯಕ್ಕೂ ಇಲ್ಲಿದ್ದ ಮಿತ್ರರಾಷ್ಟ್ರಗಳ ಪಡೆಗಳಿಗೂ ಧಾನ್ಯ, ಬಟ್ಟೆ, ಚರ್ಮ ಎಲ್ಲವೂ ಈ ನಾಡಿನಿಂದಲೇ ಹೋಗಬೇಕಿತ್ತು. ಬ್ರಿಟನ್ ತನ್ನ ಪಾಲಿನ ಹಣವನ್ನು ಲಂಡನ್ನಿನಲ್ಲಿ ಸಾಲವೆಂದು ಬರೆದುಕೊಂಡಿತು. ಇಲ್ಲಿ ನೋಟು ಅಚ್ಚಾಯಿತು. ಸರಕು ಕಡಿಮೆ, ನೋಟು ಹೆಚ್ಚು, ಬೆಲೆ ಏರದೆ ಇರುತ್ತದೆಯೇ? 1942ರ ಮಾರ್ಚಿಯಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಬರ್ಮಾದ ಅಕ್ಕಿ ನಿಂತಿತು, ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ದೀಪಕ್ಕೆ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು. ತಾಮ್ರ ಉಳಿಸಲು 1943ರಲ್ಲಿ ಬ್ರಿಟಿಷ್ ಸರ್ಕಾರ ನಡುವೆ ತೂತಿರುವ ಕಾಸನ್ನು ಹೊರಡಿಸಿತು. ಆ ತೂತಿನ ಕಾಸು ಇಂದಿಗೂ ಕೆಲವು ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿದೆ.

ಅದೇ 1942-43ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ಮಳೆ ಕೈಕೊಟ್ಟು ಬರ ಬಿತ್ತು. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು 87 ಸಾವಿರ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗುಂಡಿಗಿಂತ ಹಸಿವೇ ಹೆಚ್ಚು ಜನರನ್ನು ಕೊಂದಿತು.

ಲೇವಿ ಮತ್ತು ಹಗೆ

ಧಾನ್ಯ ಸಾಲದಾದಾಗ ಹೈದರಾಬಾದ್ ಸರ್ಕಾರ ಲೇವಿ ಹೇರಿತು. ಬೆಳೆದವನು ಬೆಳೆಯ ಒಂದು ಪಾಲನ್ನು ಸರ್ಕಾರ ಗೊತ್ತುಮಾಡಿದ ಬೆಲೆಗೆ ಕೊಡಲೇಬೇಕು. ಪಟ್ಟಣದ ಬಡವನಿಗೂ ಊಟ ಸಿಗಲಿ ಎಂಬ ಉದ್ದೇಶ ತಪ್ಪಲ್ಲ. ಇಂದು ನಾವು ಹಿಡಿಯುವ ರೇಷನ್ ಕಾರ್ಡಿನ ಬೇರೂ ಆ ಯುದ್ಧಕಾಲದಲ್ಲೇ ಇದೆ. ಆದರೆ ಅಳೆಯುವ ಕೈ ನ್ಯಾಯವಾಗಿರಲಿಲ್ಲ. ದೊಡ್ಡ ಜಮೀನುದಾರ ತಪ್ಪಿಸಿಕೊಂಡ, ಸಣ್ಣ ರೈತ ಸಿಕ್ಕಿಬಿದ್ದ. 1946ರಲ್ಲಿ ತೆಲಂಗಾಣದ ರೈತರು ಸಿಡಿದೇಳಲು ಈ ಲೇವಿಯೂ ಒಂದು ಕಾರಣ.

ನಮ್ಮ ಕಡೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿಗೆ ಹಗೆ ಅಥವಾ ಹಗೇವು ಎನ್ನುತ್ತಿದ್ದರು. ಅಭಾವದ ಕಾಲದಲ್ಲಿ ಧಾನ್ಯ ಬಚ್ಚಿಡುವವರು ಎರಡು ಬಗೆ. ಮಕ್ಕಳ ಬಾಯಿಗೆ ನಾಲ್ಕು ತಿಂಗಳ ರೊಟ್ಟಿ ಉಳಿಯಲಿ ಎಂದು ಬಚ್ಚಿಡುವವರು ಒಂದು ಬಗೆ; ಬೆಲೆ ಇನ್ನೂ ಏರಲಿ ಎಂದು ಕಾಯುತ್ತ ಬಚ್ಚಿಡುವವರು ಇನ್ನೊಂದು ಬಗೆ. ಕಾಳಸಂತೆ ಬೆಳೆಯುವುದು ಎರಡನೆಯವರಿಂದ. ಈ ವ್ಯತ್ಯಾಸವನ್ನು ನಮ್ಮ ಧರ್ಮಸಭೆ ಬಹಳ ಹಿಂದೆಯೇ ಗುರುತಿಸಿದೆ. ಧಾನ್ಯವನ್ನು ತಡೆದಿಡುವವನಿಗೆ ಜನರ ಶಾಪ ತಟ್ಟುತ್ತದೆ ಎಂದು ಜ್ಞಾನೋಕ್ತಿ ಗ್ರಂಥ ಎಚ್ಚರಿಸುತ್ತದೆ (11:26). ಪ್ರಾಣ ಹೋಗುವಂಥ ಕೊರತೆ ಬಂದಾಗ ಇರುವುದೆಲ್ಲ ಎಲ್ಲರದೂ ಆಗುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ವಾದ. ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಇದನ್ನೇ ಬೋಧಿಸಿತು. ಇದು ದಾನದ ಮಾತಲ್ಲ, ನ್ಯಾಯದ ಮಾತು.

ಎರಡನೆಯ ಹಗೆ

ಕನ್ನಡದಲ್ಲಿ ಹಗೆ ಎಂಬುದಕ್ಕೆ ಇನ್ನೊಂದು ಅರ್ಥವಿದೆ: ವೈರ. 1945ರಲ್ಲಿ ಮಹಾಯುದ್ಧ ಮುಗಿಯಿತು, ಆದರೆ ಕೊರತೆಯೂ ಅನುಮಾನವೂ ಊರಲ್ಲೇ ಉಳಿದವು. 1947-48ರಲ್ಲಿ ನಮ್ಮ ಸೀಮೆ ರಜಾಕಾರರ ಹಾವಳಿಗೆ ಸಿಕ್ಕಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾದಲ್ಲಿ ನಡೆದ ಕಗ್ಗೊಲೆಯನ್ನು ಇಲ್ಲಿನ ಯಾರೂ ಮರೆತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದೊಳಗೆ ಬಂದಿತು. 17ರಂದು ನಿಜಾಮರು ಶರಣಾದರು. ಆಮೇಲೆ ಸೇಡು ಇನ್ನೊಂದು ದಿಕ್ಕಿಗೆ ತಿರುಗಿತು. ಯಾವ ತಪ್ಪೂ ಮಾಡದ ಮುಸ್ಲಿಂ ಕುಟುಂಬಗಳು ಹತವಾದವು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು.

ಇದಕ್ಕೆಲ್ಲ ಮಹಾಯುದ್ಧವೇ ಕಾರಣ ಎಂದು ನಾನು ಹೇಳುತ್ತಿಲ್ಲ. ರಾಜಕೀಯ ಕಾರಣಗಳು ಬೇರೆಯೇ ಇದ್ದವು. ಆದರೆ ವರ್ಷಗಟ್ಟಲೆ ನೆರೆಯವನನ್ನು ಅನುಮಾನದಿಂದ ನೋಡಿ ಅಭ್ಯಾಸವಾದ ಕಣ್ಣಿಗೆ, ಅವನನ್ನು ವೈರಿಯಾಗಿ ನೋಡುವುದು ಸುಲಭ.

ಅದೇ ಸಮಿತಿ ಇನ್ನೊಂದನ್ನೂ ದಾಖಲಿಸಿದೆ. ಹಲವು ಕಡೆ ಹಿಂದೂಗಳು ತಮ್ಮ ಮುಸ್ಲಿಂ ನೆರೆಯವರನ್ನು ಪ್ರಾಣವನ್ನೇ ಪಣವಿಟ್ಟು ಕಾಪಾಡಿದರು. ನೇಕಾರರು ತಮ್ಮ ಜೊತೆಯ ನೇಕಾರರ ಪರವಾಗಿ ನಿಂತರು. ಹಗೆಯಲ್ಲಿ ಜೋಳ ಬಚ್ಚಿಡುವವರಿದ್ದ ನಾಡಿನಲ್ಲಿ ಹೀಗೆ ಮನುಷ್ಯರನ್ನು ಕಾಪಿಟ್ಟವರೂ ಇದ್ದರು. ಅವರಿಗೆ ಯಾವ ಸರ್ಕಾರವೂ ಆಜ್ಞೆ ಕೊಟ್ಟಿರಲಿಲ್ಲ.

ನಮ್ಮ ಪಾಲಿಗೆ ಏನು?

ಯುದ್ಧವನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಅಂಗಡಿಯಲ್ಲಿ ಎಷ್ಟು ಕೊಳ್ಳಬೇಕು, ಎಷ್ಟಕ್ಕೆ ಮಾರಬೇಕು, ಪಕ್ಕದ ಮನೆಯವರ ಬಗ್ಗೆ ಏನು ಮಾತಾಡಬೇಕು ಎಂಬುದು ನಮ್ಮ ಕೈಯಲ್ಲಿದೆ. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಕೇಳಿದಾಗ ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಹಚ್ಚಲಿಲ್ಲ. ಹೊರೆ ಎಲ್ಲರಿಗೂ ಸಮ ಎಂದು ಕಂಡರೆ ಜನ ಮನಸಾರೆ ಹೊರುತ್ತಾರೆ.

ಹಿರಿಯರಿಗೆ ಗೊತ್ತು: ಬಹುದಿನ ಮುಚ್ಚಿದ ಹಗೆಯೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದು, ಗಾಳಿ ಆಡಲು ಬಿಟ್ಟು, ಆಮೇಲೆ ಇಳಿಯಬೇಕು. ಅವಸರಪಟ್ಟವನ ಜೀವಕ್ಕೆ ಅಪಾಯ. ಮನಸ್ಸಿನ ಹಗೆಗೂ ಇದೇ ಮಾತು. ಅದನ್ನು ಮುಚ್ಚಿಟ್ಟು ಮಕ್ಕಳಿಗೆ ಬಿಟ್ಟುಹೋಗಬೇಡಿ.

ಕುಟುಂಬದಲ್ಲಿ ಕೂತು ಮಾತಾಡಲು

1. ನಿಮ್ಮ ಮನೆಯ ಹಿರಿಯರು ಅಭಾವದ ಕಾಲದ ಬಗ್ಗೆ ಏನು ಹೇಳುತ್ತಿದ್ದರು? ಮಕ್ಕಳಿಗೆ ತಿಳಿಸಿ.

2. ಬೆಲೆ ಏರಿದಾಗ ಅಥವಾ ಸರಕು ಸಿಗದಾದಾಗ ನಾವು ಬೇಕಾದ್ದಕ್ಕಿಂತ ಹೆಚ್ಚು ಕೂಡಿಟ್ಟದ್ದುಂಟೇ? ಅದರಿಂದ ಯಾರಿಗೆ ಕೊರತೆಯಾಯಿತು?

3. ಹಳೆಯ ವೈರದ ಕಥೆಯನ್ನು ಮನೆಯಲ್ಲಿ ಹೇಳುವಾಗ, ಕಾಪಾಡಿದವರ ಕಥೆಯನ್ನೂ ಹೇಳುತ್ತೇವೆಯೇ?