ಬೆನ್ನ ಮೇಲೊಂದು ಮನೆ, ಬೆನ್ನ ಹಿಂದೊಂದು ಬಂಡಿ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಬೇಸಗೆಯ ರಜೆ ಬಂತೆಂದರೆ ಹೆದ್ದಾರಿಗಳಲ್ಲಿ ವಿಚಿತ್ರವಾದ ಜೋಡಣೆಯೊಂದು ಕಣ್ಣಿಗೆ ಬೀಳುತ್ತದೆ. ಪಿಕಪ್ ಟ್ರಕ್ಕಿನ ತೆರೆದ ಹಿಂಭಾಗದಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ ಪುಟ್ಟ ಮನೆಯೊಂದನ್ನು ಕೂರಿಸಿರುತ್ತಾರೆ. ಇದಕ್ಕೆ ಕ್ಯಾಂಪರ್ ಎಂದು ಹೆಸರು. ಅದರ ಹಿಂದೆ ಒಂದು ಟ್ರೇಲರು, ಟ್ರೇಲರಿನ ಮೇಲೆ ಒಂದು ಜೀಪು. ಡೆನ್ವರ್ ನಗರದಿಂದ ಹೊರಟು, ಯೂಟಾ ರಾಜ್ಯದ ಮೋಆಬ್ ಸುತ್ತಣ ಬಂಡೆನಾಡಿನಲ್ಲಿ ಜೀಪನ್ನು ಹತ್ತಿಸಿ ಇಳಿಸುವುದು ಇಂಥವರ ವಿನೋದ.

ಎಂಜಿನಿಗೆ ಎಳೆಯುವ ಶಕ್ತಿಯಿದ್ದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. ಇಲ್ಲಿಯ ತೊಡಕು ಎಳೆತದ್ದಲ್ಲ, ಸನ್ನೆಯದು.

ಎತ್ತಿನ ಗಾಡಿಗೆ ಮೂಟೆ ಹೇರುವವನು ಇದನ್ನು ಬಲ್ಲ. ಹಿಂಭಾರವಾದರೆ ನೊಗ ಮೇಲೇಳುತ್ತದೆ. ಮುಂಭಾರ ಮಿತಿಮೀರಿದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಮೂಕಿಯುಂಟು. ಅದು ಟ್ರಕ್ಕಿನ ಕೊಂಡಿಯನ್ನು ಕೆಳಕ್ಕೆ ಒತ್ತುವ ಭಾರವನ್ನು ಮೂಕಿಭಾರವೆಂದು ಕರೆಯೋಣ. ಟ್ರೇಲರಿನ ಒಟ್ಟು ತೂಕದಲ್ಲಿ ಇದು ಶೇಕಡ 10ರಿಂದ 15ರಷ್ಟಿರಬೇಕೆಂಬುದು ರೂಢಿಯಲ್ಲಿರುವ ನಿಯಮ. ಜೀಪೂ ಸೇರಿ 2,500 ಕಿಲೋಗ್ರಾಂ ತೂಗುವ ಟ್ರೇಲರಿಗೆ ಶೇಕಡ 12ರಂತೆ 300 ಕಿಲೋಗ್ರಾಂ ಆಯಿತು.

ಟ್ರಕ್ಕಿನ ಅಚ್ಚುಗಳ ನಡುವಣ ಅಂತರ 4 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 1.2 ಮೀಟರ್ ಎಂದಿಟ್ಟುಕೊಳ್ಳೋಣ. ಹಿಂದಿನ ಅಚ್ಚೇ ಸನ್ನೆಯ ಆನಿಕೆ. 300ನ್ನು 1.2ರಿಂದ ಗುಣಿಸಿ 4ರಿಂದ ಭಾಗಿಸಿದರೆ 90. ಅಂದರೆ ಮುಂದಿನ ಚಕ್ರಗಳ ಮೇಲಣ ಭಾರ 90 ಕಿಲೋಗ್ರಾಂ ಕಡಿಮೆಯಾಗಿ, ಅದೂ ಮೂಕಿಭಾರವೂ ಕೂಡಿ 390 ಕಿಲೋಗ್ರಾಂ ಹಿಂದಿನ ಅಚ್ಚಿನ ಪಾಲಿಗೆ ಬೀಳುತ್ತದೆ.

ಆದರೆ ಕ್ಯಾಂಪರಿನ ಹಿಂಬದಿ ಟ್ರಕ್ಕನ್ನು ದಾಟಿ ಹಿಂದಕ್ಕೆ ಚಾಚಿರುತ್ತದೆ. ಟ್ರೇಲರನ್ನು ಹಳೆಯ ಜಾಗದಲ್ಲೇ ಸಿಕ್ಕಿಸಿದರೆ ತಿರುವಿನಲ್ಲಿ ಎರಡೂ ತಾಗುತ್ತವೆ. ಆದ್ದರಿಂದ ಉಕ್ಕಿನ ತೋಳೊಂದನ್ನು ಜೋಡಿಸಿ ಕೊಂಡಿಯನ್ನು ಹಿಂದಕ್ಕೆ ಒಯ್ಯುತ್ತಾರೆ. ತೋಳು 1.2 ಮೀಟರ್ ಉದ್ದವಾದರೆ ಮುಂದೆ ಕಳೆದದ್ದು 180, ಹಿಂದೆ ಕೂಡಿದ್ದು 480! ಟ್ರೇಲರಿನ ತೂಕ ಒಂದು ಗ್ರಾಮೂ ಹೆಚ್ಚಿಲ್ಲ. ಕ್ಯಾಂಪರಿನ ಗುರುತ್ವಕೇಂದ್ರ ಹಿಂದಿನ ಅಚ್ಚಿಗಿಂತ ತುಸುವೇ ಮುಂದಿರುವುದರಿಂದ ಅದರ ಭಾರವೂ ಬಹುಪಾಲು ಆ ಅಚ್ಚಿನ ಮೇಲೆಯೇ ಕುಳಿತಿದೆ. ಹಗುರಾದ ಮುಂದಿನ ಚಕ್ರಗಳಾದರೋ ದಿಕ್ಕು ತಿರುಗಿಸಬೇಕಾದವು.

ಹಾಗಾದರೆ ಜೀಪನ್ನು ಟ್ರೇಲರಿನ ಮೇಲೆ ಒಂದು ಮೊಳ ಹಿಂದಕ್ಕೆ ಸರಿಸಿ ಮೂಕಿಭಾರವನ್ನು ತಗ್ಗಿಸಬಾರದೆ? ಅನೇಕರು ಮೋಸಹೋಗುವುದು ಇಲ್ಲಿಯೇ. ಗಾಳಿಯ ಹೊಡೆತವೋ ದಾಟಿಹೋಗುವ ಲಾರಿಯೋ ಟ್ರೇಲರನ್ನು ಪಕ್ಕಕ್ಕೆ ತಳ್ಳಿದಾಗ ಅದು ಬಾಲದಂತೆ ತೂಗಾಡತೊಡಗುತ್ತದೆ. ಒಂದು ವೇಗದ ಕೆಳಗೆ ಪ್ರತಿಯೊಂದು ತೂಗಾಟವೂ ಹಿಂದಿನದಕ್ಕಿಂತ ಕಿರಿದು. ಆ ವೇಗವನ್ನು ಮೀರಿದರೆ ಹಿಂದಿನದಕ್ಕಿಂತ ಹಿರಿದು. ಮೂಕಿಭಾರ ಕುಗ್ಗಿದಂತೆಲ್ಲ ಆ ಎಲ್ಲೆಯ ವೇಗವೂ ಕೆಳಗಿಳಿಯುತ್ತದೆ. 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅದರ ಪಶ್ಚಿಮಕ್ಕೆ ಹೆದ್ದಾರಿ ನೂರಕ್ಕೆ ಏಳರಂತೆ ಇಳಿಯುತ್ತದೆ. ಅರಿವಿಲ್ಲದೆ ವೇಗವೇರುವ ಜಾಗ ಅದು. ತೂಗಾಟ ಹತ್ತಿದಾಗ ಚಾಲಕನ ಕೈ ಚುಕ್ಕಾಣಿಯನ್ನು ಅತ್ತಿತ್ತ ತಿರುಗಿಸಲು ಹವಣಿಸುವುದು ಸಹಜ. ಅದರಿಂದ ತೂಗಾಟ ಬೆಳೆಯುತ್ತದೆ. ಚುಕ್ಕಾಣಿಯನ್ನು ನೆಟ್ಟಗೆ ಹಿಡಿದು, ವೇಗದ ಪೆಡಲಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕುಗಳನ್ನು ಮಾತ್ರ ಕೈಯಿಂದ ಹಾಕಬೇಕು. ಆಗ ಟ್ರೇಲರು ಹಿಂದಕ್ಕೆ ಜಗ್ಗಿ, ಎಳೆದ ಹಗ್ಗದಂತೆ ನೇರವಾಗುತ್ತದೆ.

ಕೊಂಡಿಯ ತೋಳನ್ನು ಬೆಳೆಸುವುದಕ್ಕಿಂತ ಟ್ರೇಲರಿನ ಮೂಕಿಯನ್ನೇ ಉದ್ದಮಾಡಿಸುವುದು ಮೇಲೆಂದು ನನಗೆ ತೋರುತ್ತದೆ. ತಗ್ಗಾದ ಮೂಕಿ ಕ್ಯಾಂಪರಿನ ಅಡಿಯಲ್ಲಿಯೇ ಹೊರಳುತ್ತದೆ, ಕೊಂಡಿಯೂ ಅಚ್ಚಿನ ಹತ್ತಿರವೇ ಉಳಿಯುತ್ತದೆ. ಖರ್ಚು ಮಾತ್ರ ಹೆಚ್ಚು. ಹೇಗೇ ಆಗಲಿ, ಹೊರಡುವ ಮುನ್ನ ಎಲ್ಲವನ್ನೂ ತುಂಬಿಕೊಂಡು ತೂಕದ ಕಟ್ಟೆಗೆ ಹೋಗಿ ಒಂದೊಂದು ಅಚ್ಚನ್ನೂ ಬೇರೆಬೇರೆಯಾಗಿ ತೂಗಿಸಬೇಕು. ಕ್ಯಾಂಪರಿನ ತೊಟ್ಟಿಯಲ್ಲಿ 150 ಲೀಟರ್ ನೀರಿದ್ದರೆ ಅದೂ 150 ಕಿಲೋಗ್ರಾಂ.