ಬಲಗೈಗೆ ಪ್ಲಾಸ್ಟರ್ ಬಿದ್ದಿದೆಯೇ? ಎಡಗೈ ಹೀಗೆ ಪಳಗಿಸಿ

ಬೈಕಿನಿಂದ ಬಿದ್ದೋ ಕಣದಲ್ಲಿ ಜಾರಿಯೋ ಬಲಗೈ ಮಣಿಕಟ್ಟು ಮುರಿದರೆ ಪ್ಲಾಸ್ಟರ್ ಸಾಮಾನ್ಯವಾಗಿ ಆರು ವಾರ ಇರುತ್ತದೆ. ಸುಗ್ಗಿ ಅಷ್ಟು ದಿನ ಕಾಯುವುದಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಭಾಗದ ಮನೆ, ಹೊಲಗಳಲ್ಲೇ ಎಡಗೈಗೆ ಬೇಕಾದಷ್ಟು ತಾಲೀಮು ಸಿಗುತ್ತದೆ. ಒರಟು ಕೆಲಸ ಮೊದಲು, ನಾಜೂಕು ಕೆಲಸ ಆಮೇಲೆ ಎಂಬ ಕ್ರಮ ತಪ್ಪಬಾರದು, ಅಷ್ಟೇ.

1. ಮನೆಗೆಲಸ: ಹಲ್ಲುಜ್ಜುವುದು, ತಲೆ ಬಾಚುವುದು, ತಂಬಿಗೆಯಿಂದ ನೀರು ಹಾಕಿಕೊಳ್ಳುವುದು, ಕಸ ಗುಡಿಸುವುದು. ಮೊದಲ ವಾರ ಇಷ್ಟೇ ಸಾಕು. ಭುಜ, ಮೊಣಕೈ ಹದಕ್ಕೆ ಬಂದರೆ ಬೆರಳು ತಾನಾಗಿ ಹಿಂದೆ ಬರುತ್ತವೆ.

2. ಹೊಲದ ಕೆಲಸ: ಸವಣೂರಿನ ಎಲೆಬಳ್ಳಿ ತೋಟದವರು ವೀಳ್ಯದೆಲೆಗಳನ್ನು ವಿಂಗಡಿಸಿ ಜೋಡಿಸಬಹುದು. ಹತ್ತಿ ಬೆಳೆದವರಿಗೆ ಅರಳೆ ಬಿಡಿಸುವುದೇ ಒಳ್ಳೆಯ ಪಾಠ. ಮೊದಮೊದಲು ಒಣ ಎಲೆಯ ಚೂರು ಜತೆಗೆ ಬರುತ್ತದೆ, ಅರ್ಧ ಅರಳೆ ಕಾಯಿಯಲ್ಲೇ ಉಳಿಯುತ್ತದೆ. ಐದೂ ಬೆರಳು ಕೂಡಿಸಿ ಬುಡಕ್ಕೆ ಹಾಕಿ ಎಳೆದರೆ ತೊಳೆ ಇಡಿಯಾಗಿ ಬರುತ್ತದೆ.

3. ಊಟ: ಎಡಗೈಲಿ ಉಣ್ಣಲು ಸಂಕೋಚವಾದರೆ ಚಮಚ ಹಿಡಿಯಿರಿ. ಕಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿದರೆ ಮುರಿಯುವ ತಾಪತ್ರಯವಿಲ್ಲ.

4. ಬರಹ: ಪಾಟಿ, ಬಳಪದಿಂದ ಶುರು ಮಾಡಿ. ಮೊದಲು ದೊಡ್ಡ ಸೊನ್ನೆ, ನಂತರ ರ, ಠ, ಗ. ಹಾಳೆಗೆ ಬಂದಾಗ ಅದರ ಮೇಲಂಚನ್ನು ತುಸು ಬಲಕ್ಕೆ ವಾಲಿಸಿ, ಕೈಯನ್ನು ಸಾಲಿನ ಕೆಳಗಿಡಿ, ಬರೆದದ್ದು ಅಳಿಸುವುದಿಲ್ಲ. ದಿನಕ್ಕೆರಡು ಸಲ ಹತ್ತತ್ತು ನಿಮಿಷ ಸಾಕು. 1909ರಲ್ಲಿ ಹಡಗಿನಲ್ಲಿ ‘ಹಿಂದ್ ಸ್ವರಾಜ್’ ಬರೆಯುವಾಗ ಬಲಗೈ ಸೋತು, ಗಾಂಧೀಜಿ ಸುಮಾರು 40 ಪುಟಗಳನ್ನು ಎಡಗೈಲೇ ಬರೆದರು.

5. ಸಹಿ: ಎಡಗೈ ಸಹಿ ಬ್ಯಾಂಕಿನಲ್ಲಿರುವ ಮಾದರಿಗೆ ಹೊಂದುವುದಿಲ್ಲ. ಶಾಖೆಗೆ ಮೊದಲೇ ತಿಳಿಸಿ. ಸಹಿ ಮಾಡಲಾಗದವರು ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ಅವಕಾಶವಿದೆ.

ಇವು ಬೇಡ

• ಕುಡುಗೋಲು, ಈಳಿಗೆ, ಗೋವಿನಜೋಳದ ಒಕ್ಕಣೆ ಯಂತ್ರದ ಹತ್ತಿರ ಎಡಗೈ ಪ್ರಯೋಗ ಸಲ್ಲ. ಒಂದೇ ಕೈಲಿ ಬೈಕ್ ಓಡಿಸಲೂಬಾರದು.

• ಮಣಿಕಟ್ಟು ನೋಯತೊಡಗಿದರೆ ಅಂದಿಗೆ ನಿಲ್ಲಿಸಿ. ಇರುವ ಒಂದು ಕೈಯೂ ಕೆಟ್ಟರೆ ಕಷ್ಟ.

• ಬಲಗೈಗೆ ಲಕ್ವ ಹೊಡೆದಿದ್ದರೆ ಈ ಕ್ರಮ ಅನುಸರಿಸುವ ಮುನ್ನ ಫಿಸಿಯೋಥೆರಪಿ ತಜ್ಞರನ್ನು ಕೇಳಿ. ಎಲ್ಲ ಕೆಲಸ ಎಡಗೈಗೆ ವಹಿಸಿದರೆ, ಬಲಗೈಲಿ ಉಳಿದ ಅಲ್ಪಸ್ವಲ್ಪ ಶಕ್ತಿಯೂ ಬಳಕೆಯಿಲ್ಲದೆ ಕುಗ್ಗುತ್ತದೆ. ಅಂಥವರಿಗೆ ಒಳ್ಳೆಯ ಕೈಯನ್ನು ದಿನದಲ್ಲಿ ಕೆಲ ಹೊತ್ತು ಕಟ್ಟಿಹಾಕಿ, ಸೋತ ಕೈಯನ್ನೇ ದುಡಿಸುವ ಚಿಕಿತ್ಸೆಯೂ ಇದೆ.

• ಹುಟ್ಟಿನಿಂದ ಎಡಚ ಮಗುವಿಗೆ ಬಲಗೈ ಬರಹ ಹೇರಬೇಡಿ. ಆ ಮಗುವಿಗೆ ಯಾವ ಕೊರತೆಯೂ ಇಲ್ಲ.