ಪದಕೋಶದ ದಾಖಲೆ ಮತ್ತು ಪ್ರೋಗ್ರಾಂ: ವಿಕಿಡೇಟಾದಲ್ಲಿ ಕನ್ನಡ ಪದಗಳ ಪರಿಷ್ಕರಣೆ

ಮುದ್ರಿತ ನಿಘಂಟಿನ ಒಂದು ಉಲ್ಲೇಖವನ್ನು ತಿದ್ದಬೇಕಾದರೆ ಮುಂದಿನ ಆವೃತ್ತಿಯವರೆಗೆ ಕಾಯಬೇಕು. 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟೆಲ್ ಕೋಶದ ಅಂಚಿನಲ್ಲಿ ವಿದ್ವಾಂಸರೊಬ್ಬರು ಬರೆದುಕೊಂಡ ಟಿಪ್ಪಣಿ ಆ ಒಂದು ಪ್ರತಿಯಲ್ಲಿಯೇ ಉಳಿದುಬಿಡುತ್ತದೆ. 2012ರಲ್ಲಿ ಆರಂಭವಾದ ವಿಕಿಡೇಟಾ 2018ರಲ್ಲಿ ಪದಗಳ ದಾಖಲೆಗೂ ತೆರೆದುಕೊಂಡ ಮೇಲೆ ಈ ಸ್ಥಿತಿ ಬದಲಾಗಿದೆ. ಅಲ್ಲಿ ಪ್ರತಿಯೊಂದು ಪದಕ್ಕೂ 'ಎಲ್' ಅಕ್ಷರದಿಂದ ಆರಂಭವಾಗುವ ಸ್ಥಿರ ಸಂಖ್ಯೆಯಿದೆ. ಅದರ ಅಡಿಯಲ್ಲಿ ಭಾಷೆ, ವ್ಯಾಕರಣ ವರ್ಗ, ರೂಪಗಳು, ಅರ್ಥಗಳು ಬೇರೆಬೇರೆ ಅಂಗಗಳಾಗಿ ಸೇರಿರುತ್ತವೆ. ಈ ದಾಖಲೆಗಳನ್ನು ಎಪಿಐ ಎಂಬ ಸಂಪರ್ಕದ್ವಾರದ ಮೂಲಕ ಪ್ರೋಗ್ರಾಂ ಪಡೆಯುವ ಹಾಗೂ ತಿದ್ದುವ ಕ್ರಮವನ್ನು ಕನ್ನಡ ಸಂಶೋಧಕನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಡೆಯುವ ಕೆಲಸ ಸುಲಭ. 'ಡಬ್ಲ್ಯುಬಿ-ಗೆಟ್-ಎಂಟಿಟೀಸ್' ಎಂಬ ಆದೇಶಕ್ಕೆ ಪದದ ಸಂಖ್ಯೆಯನ್ನು ಕೊಟ್ಟರೆ ಇಡೀ ದಾಖಲೆ ಜೇಸನ್ ರೂಪದಲ್ಲಿ ಬರುತ್ತದೆ. ಸಾಮಾನ್ಯ ಬಳಕೆದಾರರು ಒಮ್ಮೆಗೆ 50 ದಾಖಲೆಗಳನ್ನು ಕೇಳಬಹುದು. ಓದಲು ಖಾತೆಯೂ ಬೇಡ. ತೊಡಕಿರುವುದು ನಮ್ಮ ಲಿಪಿಯಲ್ಲಿ. 'ಕೋಳಿ' ಪದದ ಹಳಗನ್ನಡ ರೂಪವಾದ 'ಕೋೞಿ'ಯನ್ನೇ ತೆಗೆದುಕೊಳ್ಳೋಣ. ಯೂನಿಕೋಡಿನಲ್ಲಿ ಇದನ್ನು 4 ಸಂಕೇತಗಳಲ್ಲಿ ಬರೆಯಬಹುದು. ಓಕಾರವನ್ನು ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಗುರುತು ಎಂದು ಒಡೆದರೆ 6 ಸಂಕೇತಗಳಾಗುತ್ತವೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ವಿಕಿಡೇಟಾ ತನ್ನಲ್ಲಿ ಕೂಡಿಸಿದ ರೂಪವನ್ನೇ ಇಟ್ಟುಕೊಳ್ಳುತ್ತದೆ. ಸಂಶೋಧಕನ ಪಟ್ಟಿಯಲ್ಲಿ ಒಡೆದ ರೂಪವಿದ್ದರೆ, ಹೋಲಿಸಿ ನೋಡಿದ ಪ್ರೋಗ್ರಾಂ ಪದವೇ ಇಲ್ಲವೆಂದು ಬಗೆದು ಎರಡನೆಯ ದಾಖಲೆಯನ್ನು ಸೃಷ್ಟಿಸುತ್ತದೆ. ಸಮಾನರೂಪದ ಭಿನ್ನ ಪದಗಳಿಗೆ ಅವಕಾಶವಿರಬೇಕಾದ್ದರಿಂದ ವ್ಯವಸ್ಥೆ ಇದನ್ನು ತಡೆಯುವುದೂ ಇಲ್ಲ. ಆದ್ದರಿಂದ ಹೋಲಿಕೆಗೆ ಮೊದಲು ಎರಡೂ ಕಡೆಯ ಪಠ್ಯವನ್ನು ಒಂದೇ ರೂಪಕ್ಕೆ ತರುವುದು ಅನಿವಾರ್ಯ. (ೞಕಾರಕ್ಕೆ ಯೂನಿಕೋಡಿನಲ್ಲಿರುವ ಅಧಿಕೃತ ಹೆಸರು 'ಕನ್ನಡ ಲೆಟರ್ ಎಫ್‌ಎ' ಎಂಬುದು ವಿಲಕ್ಷಣ ಸಂಗತಿ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಸೇರಿದೆ.)

ತಿದ್ದುವ ಕೆಲಸಕ್ಕೆ ಖಾತೆಯೊಳಗೆ ಪ್ರವೇಶಿಸಿ, ಟೋಕನ್ ಪಡೆದು, 'ಡಬ್ಲ್ಯುಬಿ-ಎಡಿಟ್-ಎಂಟಿಟಿ' ಎಂಬ ಆದೇಶದೊಡನೆ ಅದನ್ನು ಕಳುಹಿಸಬೇಕು. ಬದಲಾಗುವ ಅಂಗವನ್ನಷ್ಟೇ ಕಳುಹಿಸಿದರೆ ಸಾಕು. ಆದರೆ 'ಕ್ಲಿಯರ್' ಎಂಬ ಸೂಚನೆ ಜೊತೆಗಿದ್ದರೆ ಕಳುಹಿಸದ ಅಂಗಗಳೆಲ್ಲ ಅಳಿಸಿಹೋಗುತ್ತವೆ. ಅರಿಯದೆ ಅದನ್ನು ಬಳಸಬಾರದು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ದಾಖಲೆಯ ಆವೃತ್ತಿ ಸಂಖ್ಯೆ. ಇಬ್ಬರು ಅಧ್ಯಾಪಕರು ಒಂದೇ ದಾಖಲೆಯನ್ನು ಬೆಳಿಗ್ಗೆ ಪಡೆದರೆಂದು ಭಾವಿಸೋಣ. ಮೊದಲನೆಯವರು ಮಧ್ಯಾಹ್ನ ಕನ್ನಡ ಅರ್ಥವಿವರಣೆಯನ್ನು ತಿದ್ದುತ್ತಾರೆ. ಎರಡನೆಯವರು ಅದನ್ನು ಕಾಣದೆ ಸಂಜೆ ತಮ್ಮ ವಿವರಣೆಯನ್ನು ಕಳುಹಿಸುತ್ತಾರೆ. ಆವೃತ್ತಿ ಸಂಖ್ಯೆಯನ್ನು ಕೊಡದಿದ್ದರೆ ಸಂಜೆಯದೇ ನಿಲ್ಲುತ್ತದೆ. ಮಧ್ಯಾಹ್ನದ ತಿದ್ದುಪಡಿ ಯಾರೂ ತೆರೆದು ನೋಡದ ಇತಿಹಾಸದ ಪುಟದಲ್ಲಿ ಮಾತ್ರ ಉಳಿಯುತ್ತದೆ. ತಾವು ಓದಿದ ಆವೃತ್ತಿಯ ಸಂಖ್ಯೆಯನ್ನು 'ಬೇಸ್-ರೆವ್-ಐಡಿ'ಯಾಗಿ ಕಳುಹಿಸಿದರೆ, ನಡುವೆ ಬೇರೆ ಅಂಗ ಬದಲಾಗಿದ್ದಲ್ಲಿ ವ್ಯವಸ್ಥೆ ಎರಡನ್ನೂ ಕೂಡಿಸಲು ಯತ್ನಿಸುತ್ತದೆ, ಅದೇ ಅಂಗ ಬದಲಾಗಿದ್ದಲ್ಲಿ ಘರ್ಷಣೆಯೆಂದು ತಿರಸ್ಕರಿಸುತ್ತದೆ. ಈ ತಿರಸ್ಕಾರವನ್ನು ದೋಷವೆಂದು ಬಗೆದು ಪ್ರೋಗ್ರಾಂ ತಾನಾಗಿಯೇ ಮತ್ತೆ ಕಳುಹಿಸುವಂತೆ ಬರೆಯುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಪಾಠಾಂತರ ಕಂಡಾಗ ಗ್ರಂಥಸಂಪಾದಕನು ನಿಲ್ಲುವಂತೆ ಇಲ್ಲಿ ಮನುಷ್ಯನೇ ನಿಂತು ಹೊಸ ದಾಖಲೆಯನ್ನು ಓದಿ ನಿರ್ಣಯಿಸಬೇಕು.

'ಕೋೞಿ'ಯನ್ನು 'ಕೋಳಿ'ಯ ರೂಪವಾಗಿ ಸೇರಿಸಬೇಕೆ, ಪ್ರತ್ಯೇಕ ಪದವಾಗಿಸಿ 'ಇದರಿಂದ ನಿಷ್ಪನ್ನ' ಎಂಬ ಸಂಬಂಧದಿಂದ ಜೋಡಿಸಬೇಕೆ ಎಂಬ ಪ್ರಶ್ನೆಗೆ ಎಪಿಐಯಲ್ಲಿ ಉತ್ತರವಿಲ್ಲ. ಅದು ಎರಡನ್ನೂ ಸ್ವೀಕರಿಸುತ್ತದೆ. ಹಳಗನ್ನಡವನ್ನು ಬೇರೆ ಭಾಷೆಯೆಂದು ಎಣಿಸುವುದು ಉಚಿತವಲ್ಲವಾದ್ದರಿಂದ ಮೊದಲ ಕ್ರಮವೇ ಮೇಲೆಂದು ನನ್ನ ಅಭಿಪ್ರಾಯ. ನೂರಾರು ಪದಗಳಿಗೆ ಒಮ್ಮೆಲೇ ಅನ್ವಯಿಸುವ ಮುನ್ನ ಈ ಬಗ್ಗೆ ಚರ್ಚೆ ನಡೆಯಬೇಕು.

ಈ ಪದದತ್ತಾಂಶವೆಲ್ಲ ಸಿಸಿ-ಶೂನ್ಯ ಪರವಾನಗಿಯಡಿ ಸಾರ್ವಜನಿಕವಾಗುವುದರಿಂದ ಹಕ್ಕುಸ್ವಾಮ್ಯವಿರುವ ನಿಘಂಟುಗಳ ವಿವರಣೆಗಳನ್ನು ಯಥಾವತ್ತಾಗಿ ತುಂಬುವಂತಿಲ್ಲ. ಅಭ್ಯಾಸಕ್ಕೆಂದೇ ಪ್ರತ್ಯೇಕ ಪರೀಕ್ಷಾ ವಿಕಿಡೇಟಾ ಇದೆ. ಹೊಸ ಪ್ರೋಗ್ರಾಮನ್ನು ಮೊದಲು ಅಲ್ಲಿ ನಡೆಸಿ, ಒಂದೇ ದಾಖಲೆಯನ್ನು ಎರಡು ಖಾತೆಗಳಿಂದ ಬೇಕೆಂದೇ ತಿದ್ದಿ, ಘರ್ಷಣೆಯ ಸೂಚನೆ ಬರುವುದೇ ಎಂದು ನೋಡಿಕೊಳ್ಳಬಹುದು.